ಗೆಣ್ಣಿಲ್ಲದ ಎಲೆ ಚಿಗುರದು

ಪೇಟೆಯ ಮನೆಯಾಗಲಿ ಹಳ್ಳಿಯ ಮನೆಯಾಗಲಿ, ಕಿಟಕಿಯ ಕಟ್ಟೆಯ ಮೇಲೊಂದು ಗಾಜಿನ ಸೀಸೆ, ಸೀಸೆಯ ಕೊರಳಿನಿಂದ ಇಳಿಬಿದ್ದ ಒಂದು ಬಳ್ಳಿ, ಹಸುರಿನ ನಡುವೆ ಹೊಂಬಣ್ಣದ ಗೆರೆಗಳನ್ನು ತಳೆದ ಹೃದಯಾಕಾರದ ಎಲೆಗಳು: ಈ ನೋಟ ಇಂದು ಕನ್ನಡನಾಡಿನಲ್ಲಿ ಸರ್ವಸಾಮಾನ್ಯ. ಜನರು ಇದನ್ನು ಮನಿಪ್ಲಾಂಟ್ ಎಂದು ಕರೆಯುತ್ತಾರೆ. ಹೆಸರಿನ ಜೊತೆಗೆ ಒಂದು ನಂಬಿಕೆಯೂ ಮನೆಮನೆಗಳನ್ನು ಹೊಕ್ಕಿದೆ. ಈ ಬಳ್ಳಿಯನ್ನು ಕೊಂಡು ತಂದರೆ ಫಲವಿಲ್ಲ, ಕೇಳಿ ತಂದರೂ ಅಷ್ಟಕ್ಕಷ್ಟೆ. ಪರರ ಮನೆಯಿಂದ ಅವರ ಕಣ್ಣಿಗೆ ಬೀಳದಂತೆ ಮುರಿದು ತಂದರೆ ಮಾತ್ರ ಸಿರಿ ಒಲಿದು ಬರುತ್ತದೆ ಎಂಬುದೇ ಆ ನಂಬಿಕೆ. ಆದಕಾರಣ, ಅನ್ಯರ ಒಂದು ಕಾಸನ್ನೂ ಮುಟ್ಟದ ಸಭ್ಯ ಗೃಹಸ್ಥರೂ ಬಂಧುಗಳ ಮನೆಯ ಜಗಲಿಯಲ್ಲಿ ಅತ್ತಿತ್ತ ನೋಡಿ ಒಂದು ತುಂಡನ್ನು ಚೀಲಕ್ಕೆ ಸೇರಿಸುವುದುಂಟು. ಜೊತೆಗಿದ್ದ ಮಗು ಅದನ್ನು ನೋಡುತ್ತಿರುತ್ತದೆ.

ಈ ನಂಬಿಕೆ ನಿರುಪದ್ರವಿಯಾದ ವಿನೋದವೆಂದು ತಳ್ಳಿಹಾಕಬಹುದು. ಆದರೆ ಆ ಬಳ್ಳಿಯ ನಿಜವಾದ ಚರಿತ್ರೆಯನ್ನು ಅರಿತವರಿಗೆ ಇದಕ್ಕಿಂತ ವಿಪರೀತವಾದ ಮಾತು ಮತ್ತೊಂದಿಲ್ಲವೆಂದು ತೋರದಿರದು. ಇದರ ತವರು ಶಾಂತಸಾಗರದ ನಡುವಣ ಫ್ರೆಂಚ್ ಪಾಲಿನೇಷ್ಯಕ್ಕೆ ಸೇರಿದ ಮೊಒರೆಯಾ ಎಂಬ ಪುಟ್ಟ ದ್ವೀಪ. ೧೮೮೦ರಲ್ಲಿ ಯುರೋಪಿನ ಸಸ್ಯಜ್ಞರು ಇದನ್ನು ಪೋಥೋಸ್ ಆರಿಯಸ್ ಎಂದು ಹೆಸರಿಸಿದರು. ಈಗಿನ ಶಾಸ್ತ್ರೀಯ ನಾಮಧೇಯ ಎಪಿಪ್ರೆಮ್ನಮ್ ಆರಿಯಮ್. ಲ್ಯಾಟಿನ್ ಭಾಷೆಯಲ್ಲಿ 'ಆರಿಯಮ್' ಎಂದರೆ ಹೊನ್ನಿನ ಬಣ್ಣದ್ದು ಎಂದರ್ಥ. ಹೊನ್ನು ಎಲೆಯ ಮೇಲಿದೆಯೇ ಹೊರತು ಸಾಕಿದವರ ಪೆಟ್ಟಿಗೆಯಲ್ಲಿಲ್ಲ.

ಇದಕ್ಕಿಂತ ಗಮನಾರ್ಹವಾದ ಸಂಗತಿ ಇನ್ನೊಂದಿದೆ. ಸಾಕಿದ ಈ ಬಳ್ಳಿ ಹೂ ಬಿಡುವುದೇ ಇಲ್ಲವೆನ್ನಬಹುದು. ಹೂ ಅರಳಲು ಬೇಕಾದ ಜಿಬ್ಬರೆಲಿನ್ ಎಂಬ ಸಸ್ಯಚೋದಕವನ್ನು ಸಿದ್ಧಪಡಿಸಿಕೊಳ್ಳುವ ಶಕ್ತಿ ಇದರಲ್ಲಿ ಕುಂದಿದೆಯೆಂದು ೨೦೧೬ರಲ್ಲಿ ಪ್ರಕಟವಾದ ಸಂಶೋಧನೆಯೊಂದು ತಿಳಿಸಿತು. ಹೂವಿಲ್ಲದಲ್ಲಿ ಕಾಯಿಯಿಲ್ಲ, ಕಾಯಿಯಿಲ್ಲದಲ್ಲಿ ಬೀಜವಿಲ್ಲ. ಹಾಗಾದರೆ ಸಾಗರಮಧ್ಯದ ದ್ವೀಪವೊಂದರ ಬಳ್ಳಿ ಧಾರವಾಡದ ಕಿಟಕಿಗೂ ಮೈಸೂರಿನ ಜಗಲಿಗೂ ಹೇಗೆ ಬಂದಿತು? ಕೈಯಿಂದ ಕೈಗೆ ಬಂದಿತು. ಯಾರೋ ಒಬ್ಬರು ಒಂದು ತುಂಡನ್ನು ಕತ್ತರಿಸಿದರು, ಮತ್ತೊಬ್ಬರು ನೆಟ್ಟು ಬೆಳೆಸಿದರು, ಅದರ ತುಂಡು ಮೂರನೆಯವರಿಗೆ ಸಂದಿತು. ಲೋಕದ ಮನೆಗಳಲ್ಲಿರುವ ಪ್ರತಿಯೊಂದು ಮನಿಪ್ಲಾಂಟೂ ಹೀಗೆ ತುಂಡಿನ ತುಂಡು. ಮನುಷ್ಯನ ಕೈಯ ನೆರವಿಲ್ಲದೆ ಮನೆಯಿಂದ ಮನೆಗೆ ಹೋಗಲಾರದ ಬಳ್ಳಿ ಇದು. ಇಂತಹ ಬಳ್ಳಿಗೆ ಕಳವಿನ ಮಹಿಮೆಯನ್ನು ಅಂಟಿಸಿದ್ದು ವಿಪರ್ಯಾಸವಲ್ಲದೆ ಮತ್ತೇನು? ಕೇಳಿದರೆ ಇಲ್ಲವೆನ್ನುವ ಮನೆ ಸಾವಿರಕ್ಕೊಂದು ಸಿಕ್ಕೀತು. ಕೊಟ್ಟ ಮನೆಯ ಬಳ್ಳಿ ಬಡವಾಗುವುದೂ ಇಲ್ಲ. ಕುಡಿ ಚಿವುಟಿದ ಕಡೆ ಅದು ಕವಲೊಡೆದು ಇನ್ನಷ್ಟು ಪೊದೆಯಾಗುತ್ತದೆ.

ಇದನ್ನು ಮನೆಯಲ್ಲಿ ಬೆಳೆಸುವ ಕ್ರಮ ಬಹು ಸುಲಭ; ಆದರೆ ಆ ಸುಲಭದಲ್ಲಿಯೂ ಒಂದು ಮರ್ಮವುಂಟು. ಬಳ್ಳಿಯನ್ನು ಸೂಕ್ಷ್ಮವಾಗಿ ನೋಡಿದರೆ, ಎಲೆಯ ತೊಟ್ಟು ಕಾಂಡವನ್ನು ಸೇರುವೆಡೆಯಲ್ಲಿ ಕೊಂಚ ಉಬ್ಬಿದ ಗಂಟು ಕಾಣುತ್ತದೆ. ಅದರ ಬದಿಯಲ್ಲಿ ಕಂದುಬಣ್ಣದ ಸಣ್ಣ ಮೊಳೆಯಂತಹುದೊಂದು ಹೊರಚಾಚಿರುತ್ತದೆ. ಗಂಟೇ ಗೆಣ್ಣು, ಮೊಳೆಯೇ ಬರಲಿರುವ ಬೇರು. ಗೆಣ್ಣಿನಿಂದ ಒಂದು ಬೆರಳಗಲ ಕೆಳಗೆ ಹರಿತವಾದ ಶುಚಿಯಾದ ಚಾಕುವಿನಿಂದ ಕತ್ತರಿಸಬೇಕು. ತುಂಡಿನಲ್ಲಿ ಎರಡು ಮೂರು ಗೆಣ್ಣುಗಳೂ ಮೇಲುಗಡೆ ಒಂದೆರಡು ಎಲೆಗಳೂ ಇದ್ದರೆ ಸಾಕು. ಕೆಳಗಿನ ಎಲೆಗಳನ್ನು ತೆಗೆಯಬೇಕು. ಕೆಳಗಣ ಗೆಣ್ಣು ನೀರಿನಲ್ಲಿ ಮುಳುಗುವಂತೆ, ಎಲೆ ನೀರಿಗೆ ತಾಗದಂತೆ ಸೀಸೆಯಲ್ಲಿರಿಸಿ, ಬೆಳಕು ಚೆನ್ನಾಗಿದ್ದು ನೇರ ಬಿಸಿಲು ಬೀಳದ ಸ್ಥಳದಲ್ಲಿಡಬೇಕು. ಮೂರು ದಿನಕ್ಕೊಮ್ಮೆ ನೀರನ್ನು ಬದಲಿಸಬೇಕು. ಸೀಸೆಯ ಸುತ್ತ ಕಾಗದ ಸುತ್ತಿದರೆ ಪಾಚಿ ಕಟ್ಟುವುದು ಕಡಿಮೆಯಾಗುತ್ತದೆ. ಒಂದೆರಡು ವಾರಗಳಲ್ಲಿ ಬಿಳಿಯ ಬೇರು ಹೊರಡುತ್ತದೆ. ಚಳಿಗಾಲದಲ್ಲಿ ಇನ್ನೂ ಕೆಲವು ದಿನ ತಡೆಯಬೇಕಾದೀತು. ಬೇರು ಎರಡು ಮೂರು ಅಂಗುಲ ಉದ್ದವಾದೊಡನೆ ಮಣ್ಣಿಗೆ ವರ್ಗಾಯಿಸುವುದು ಲೇಸು. ತಿಂಗಳುಗಟ್ಟಲೆ ನೀರಿನಲ್ಲೇ ಬೆಳೆದ ಬೇರು ಮಣ್ಣಿಗೆ ಹೊಂದಿಕೊಳ್ಳಲು ಕಷ್ಟಪಡುತ್ತದೆ. ಕುಂಡದ ತಳದಲ್ಲಿ ತೂತಿರಬೇಕು. ಕೆಂಪುಮಣ್ಣು, ಮರಳು, ಚೆನ್ನಾಗಿ ಕಳಿತ ಗೊಬ್ಬರ ಈ ಮೂರನ್ನು ಸಮನಾಗಿ ಬೆರೆಸಿದರೆ ಸಾಕು. ನೀರಿಲ್ಲದೆ ಒಣಗುವ ಗಿಡಗಳಿಗಿಂತ, ಅತಿಯಾದ ಉಪಚಾರದಿಂದ ಬೇರು ಕೊಳೆತು ಸಾಯುವ ಗಿಡಗಳೇ ಮನೆಗಳಲ್ಲಿ ಹೆಚ್ಚು.

ಈಗ ಒಂದು ಪರೀಕ್ಷೆಯನ್ನು ಮಾಡಿ ನೋಡಬಹುದು. ಮೂರು ಸೀಸೆಗಳನ್ನು ಸಾಲಾಗಿಟ್ಟು, ಒಂದರಲ್ಲಿ ಗೆಣ್ಣುಳ್ಳ ತುಂಡನ್ನೂ ಎರಡನೆಯದರಲ್ಲಿ ಎರಡು ಗೆಣ್ಣುಗಳ ನಡುವಣ ಬರಿಯ ಕಾಂಡವನ್ನೂ ಮೂರನೆಯದರಲ್ಲಿ ತೊಟ್ಟು ಸಹಿತವಾದ ಒಂದು ಚೆಲುವಾದ ಎಲೆಯನ್ನೂ ಇರಿಸಬೇಕು. ಬರಿಯ ಕಾಂಡ ಕೆಲವು ದಿನಗಳಲ್ಲಿ ಕೊಳೆಯತೊಡಗುತ್ತದೆ. ಇದರಿಂದ ಯಾರೂ ಮೋಸಹೋಗಲಾರರು. ಮೋಸಗೊಳಿಸುವುದು ಮೂರನೆಯ ಸೀಸೆ. ಎಲೆ ವಾರಗಟ್ಟಲೆ ಹಚ್ಚಹಸುರಾಗಿ ನಿಂತಿರುತ್ತದೆ. ನೋಡಿದವರು ಗಿಡ ಹತ್ತಿತೆಂದು ಹಿಗ್ಗುತ್ತಾರೆ. ಕೆಲವೊಮ್ಮೆ ತೊಟ್ಟಿನ ಬುಡದಲ್ಲಿ ನಾಲ್ಕಾರು ಬೇರುಗಳೂ ಕಾಣಿಸಿಕೊಳ್ಳುತ್ತವೆ. ಆದರೆ ಎಷ್ಟು ಕಾಲ ಕಾದರೂ ಅದರಿಂದ ಹೊಸದೊಂದು ಕುಡಿ ಹೊರಡದು. ಕುಡಿಯಾಗುವ ಮೊಗ್ಗು ಇರುವುದು ಗೆಣ್ಣಿನಲ್ಲಿ, ಎಲೆಯ ಕಂಕುಳಲ್ಲಿ. ಅದನ್ನು ಬಿಟ್ಟು ಬಂದ ಎಲೆ ಬದುಕಿರುತ್ತದೆ, ಬೆಳೆಯುವುದಿಲ್ಲ.

ಇದರ ಒಳಗಾರಣವನ್ನು ವಿಜ್ಞಾನಿಗಳು ಕಳೆದ ಶತಮಾನದಲ್ಲಿ ಬಿಡಿಸಿ ತೋರಿಸಿದರು. ೧೯೨೮ರಲ್ಲಿ ಹಾಲೆಂಡಿನ ಫ್ರಿಟ್ಸ್ ವೆಂಟ್ ಎಂಬ ವಿದ್ವಾಂಸನು ಓಟ್ಸ್ ಮೊಳಕೆಯ ತುದಿಯಲ್ಲಿ ಬೆಳವಣಿಗೆಯನ್ನು ಪ್ರಚೋದಿಸುವ ಒಂದು ದ್ರವ್ಯವಿದೆಯೆಂದು ಪ್ರಯೋಗದಿಂದ ಸಿದ್ಧಪಡಿಸಿದನು. ಅದೇ ಆಕ್ಸಿನ್. ಅದು ಕುಡಿಯಿಂದ ಕೆಳಮುಖವಾಗಿ ಹರಿಯುತ್ತದೆ. ಕಾಂಡವನ್ನು ಕತ್ತರಿಸಿದಾಗ ಹರಿಯುವ ದಾರಿ ಕಡಿದು ಕಡಿದೆಡೆಯಲ್ಲಿ ಶೇಖರವಾಗಿ ಬೇರೊಡೆಯಲು ಪ್ರೇರಣೆ ನೀಡುತ್ತದೆ. ಬೇರು ಬರುವ ತನಕ ಎಲೆಗೆ ನೀರೊದಗಿಸುವವರಿಲ್ಲ, ಎಲೆಯೋ ಕ್ಷಣಕ್ಷಣವೂ ತೇವವನ್ನು ಕಳೆದುಕೊಳ್ಳುತ್ತಿರುತ್ತದೆ; ಆದಕಾರಣವೇ ಎಲೆಗಳು ಕೆಲವೇ ಇರಬೇಕು, ನೆರಳಿರಬೇಕು ಎಂಬ ನಿಯಮಗಳು ಹುಟ್ಟಿಕೊಂಡವು. ಅಜ್ಜಿಯರು ಅನುಭವದಿಂದ ಹೇಳುತ್ತಿದ್ದ ಮಾತಿಗೂ ಪ್ರಯೋಗಶಾಲೆಯ ಮಾತಿಗೂ ಇಲ್ಲಿ ವಿರೋಧವಿಲ್ಲ.

ಭಾಷೆಯ ಕಡೆಯಿಂದ ನೋಡಿದರೂ ಈ ಗೆಣ್ಣು ಅಲ್ಪವಸ್ತುವಲ್ಲ. ಕಬ್ಬಿನ ಸಂದಿಗೂ ಬಿದಿರಿನ ಗಂಟಿಗೂ ಮನುಷ್ಯನ ಬೆರಳಿನ ಕೀಲಿಗೂ ಕನ್ನಡದಲ್ಲಿ ಇದೊಂದೇ ಪದ ಸಲ್ಲುತ್ತದೆ. ಗೆಣ್ಣಿನಲ್ಲಿರುವ ಮೊಗ್ಗನ್ನು ರೈತರು 'ಕಣ್ಣು' ಎನ್ನುತ್ತಾರೆ. ಎರಡು ಕಣ್ಣಿನ ತುಂಡು, ಮೂರು ಕಣ್ಣಿನ ತುಂಡು ಎಂದು ಎಣಿಸಿ ಕಬ್ಬು ನೆಡುತ್ತಾರೆ. ವೀಳ್ಯದೆಲೆಯ ಬಳ್ಳಿ, ಮೆಣಸಿನ ಬಳ್ಳಿ, ದ್ರಾಕ್ಷಿ, ಅಂಜೂರ, ದಾಳಿಂಬೆ ಇವೆಲ್ಲ ಈ ಕಣ್ಣಿನ ಲೆಕ್ಕದಲ್ಲೇ ತೋಟಗಳಾಗಿ ಹಬ್ಬಿವೆ. 'ಕುಡಿ' ಎಂಬ ಮಾತು ಚಿಗುರಿಗೂ ಸಲ್ಲುತ್ತದೆ, ವಂಶದ ಸಂತಾನಕ್ಕೂ ಸಲ್ಲುತ್ತದೆ. ಶಾಲೆಯ ಮಗುವೊಂದು ಸೀಸೆಯ ಬಳ್ಳಿಯಲ್ಲಿ ಗೆಣ್ಣನ್ನು ಗುರುತಿಸಿತೆಂದರೆ ನಾಡಿನ ಕೃಷಿಯ ಒಂದು ಮುಖ್ಯ ಸೂತ್ರ ಅದರ ಕೈಗೆ ಬಂದಂತೆಯೇ ಸರಿ.

ಪ್ರಾಚೀನರು ಈ ವಿಷಯದಲ್ಲಿ ಉದಾಸೀನರಾಗಿರಲಿಲ್ಲ. ಆರನೆಯ ಶತಮಾನದ ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ವೃಕ್ಷಾಯುರ್ವೇದಕ್ಕೆ ಮೀಸಲಾದ ಅಧ್ಯಾಯವೊಂದಿದೆ. ಬಾಳೆ, ದಾಳಿಂಬೆ, ದ್ರಾಕ್ಷಿ, ಮಾದಳ ಮೊದಲಾದುವನ್ನು ಕಾಂಡದಿಂದ ನೆಟ್ಟು ಬೆಳೆಸಬಹುದೆಂದೂ ನೆಡುವ ತುಂಡಿಗೆ ಗೋಮಯವನ್ನು ಲೇಪಿಸಬೇಕೆಂದೂ ಅಲ್ಲಿ ವಿಧಿಸಲಾಗಿದೆ. ಕನ್ನಡದಲ್ಲಿ ಎರಡನೆಯ ಚಾವುಂಡರಾಯನು ಸುಮಾರು ೧೦೨೫ರಲ್ಲಿ ರಚಿಸಿದ ಲೋಕೋಪಕಾರವು ಪಾಕಶಾಸ್ತ್ರ, ಜಲಶೋಧನೆ ಮುಂತಾದ ಲೋಕೋಪಯೋಗಿ ವಿಷಯಗಳ ಜೊತೆಗೆ ವೃಕ್ಷಾಯುರ್ವೇದವನ್ನೂ ನಿರೂಪಿಸುತ್ತದೆ. ಹಳೆಯ ಗ್ರಂಥಗಳ ಮಾತೆಲ್ಲವೂ ಇಂದಿನ ಪರೀಕ್ಷೆಗೆ ನಿಲ್ಲುತ್ತದೆಂದಲ್ಲ. ವರಾಹಮಿಹಿರನು ಕಾಂಡದಿಂದ ಬೆಳೆಸಬಹುದೆಂದು ಹೇಳಿದ ಗಿಡಗಳ ಪಟ್ಟಿಯಲ್ಲಿ ಹಲಸೂ ಇದೆ. ಹಲಸಿನ ತುಂಡು ಬೇರು ಬಿಡುವುದು ಬಹು ದುರ್ಲಭವೆಂಬುದು ತೋಟಗಾರರ ಅನುಭವ. ಆದರೆ ಸಾವಿರ ವರ್ಷಗಳ ಹಿಂದೆಯೇ ಕನ್ನಡದ ಕವಿಯೊಬ್ಬನು ಗಿಡ ಬೆಳೆಸುವುದನ್ನು ಕಾವ್ಯಭಾಷೆಗೆ ತಕ್ಕ ವಿಷಯವೆಂದು ಬಗೆದನೆಂಬುದು ಕನ್ನಡ ಶಾಲೆಗಳು ನೆನೆಯತಕ್ಕ ಸಂಗತಿ.

ಇನ್ನು ಇಂದಿನ ತರಗತಿಯ ಕಡೆಗೆ ದೃಷ್ಟಿಯನ್ನು ಹೊರಳಿಸಿದರೆ ಖೇದವಾಗದಿರದು. ಮೇಲೆ ಹೇಳಿದ ಮನಿಪ್ಲಾಂಟಿನ ಪರೀಕ್ಷೆಯಂತಹುದೇ ಒಂದು ಚಟುವಟಿಕೆ ಹತ್ತನೆಯ ತರಗತಿಯ ವಿಜ್ಞಾನ ಪಠ್ಯಪುಸ್ತಕದಲ್ಲಿ ಅಚ್ಚಾಗಿದೆ. ಬಳ್ಳಿಯನ್ನು ತುಂಡರಿಸಿ ನೀರಿನಲ್ಲಿಟ್ಟು ಯಾವುದು ಚಿಗುರುತ್ತದೆಂಬುದನ್ನು ವಿದ್ಯಾರ್ಥಿಯೇ ಕಂಡುಕೊಳ್ಳಬೇಕೆಂಬುದು ಪಠ್ಯ ರಚಿಸಿದವರ ಆಶಯ. ನಡೆಯುವುದೇನು? ಎಷ್ಟೋ ಶಾಲೆಗಳಲ್ಲಿ ಆ ಪುಟವನ್ನು ಓದಿ, ಉತ್ತರವನ್ನು ಬರೆಸಿ, ಕೆಳಗೆ ಗೆರೆ ಎಳೆಸಿ ಮುಂದಕ್ಕೆ ಸಾಗುತ್ತಾರೆ. 'ಕಾಯಜ ಸಂತಾನೋತ್ಪತ್ತಿ ಎಂದರೇನು?' ಎಂಬ ಪ್ರಶ್ನೆಗೆ ವಿದ್ಯಾರ್ಥಿ ತಪ್ಪಿಲ್ಲದೆ ಉತ್ತರ ಬರೆದು ಪೂರ್ಣಾಂಕ ಗಳಿಸುತ್ತಾನೆ. ಅವನ ಕೈಗೆ ಬಳ್ಳಿಯನ್ನು ಕೊಟ್ಟು ಎಲ್ಲಿ ಕತ್ತರಿಸುವೆ ಎಂದು ಕೇಳಿದರೆ ಮಾತ್ರ ತಡವರಿಸುತ್ತಾನೆ. ಎಲೆ ಸಂತಾನವನ್ನು ಪಡೆಯುವುದಕ್ಕೆ ಉದಾಹರಣೆಯಾಗಿ 'ಬ್ರಯೋಫಿಲಂ' ಎಂದು ಬರೆಯುವ ಹುಡುಗಿಗೆ ಅದು ಹಿತ್ತಿಲಿನ ಕಲ್ಲುಸಂದಿಯಲ್ಲಿ ಬೆಳೆದಿರುವ ಕಾಡುಬಸಳೆಯೆಂಬುದು ತಿಳಿಯದು. ಅದರ ದಪ್ಪನೆಯ ಎಲೆಯ ಅಂಚಿನ ಕಚ್ಚುಗಳಲ್ಲಿಯೇ ಮೊಗ್ಗುಗಳಿವೆ. ಒದ್ದೆ ಮಣ್ಣಿನ ಮೇಲೆ ಎಲೆಯನ್ನು ಇರಿಸಿದರೆ ಸಾಲಾಗಿ ಪುಟ್ಟ ಸಸಿಗಳೇಳುತ್ತವೆ. ಶಾಕುಂತಲ ನಾಟಕವನ್ನು ಓದಿ ಮೆಚ್ಚಿದ ಜರ್ಮನಿಯ ಮಹಾಕವಿ ಗಯಟೆಗೆ ಈ ಗಿಡದಲ್ಲಿ ಬಲು ಅಕ್ಕರೆಯಿದ್ದಿತು. ಅದರ ಎಲೆಗಳನ್ನು ಮಿತ್ರರಿಗೆ ಕಳುಹಿಸಿ ಬೆಳೆಸಲು ಹೇಳುತ್ತಿದ್ದನು. ಮಹಾಕವಿಗೆ ಹೊಳೆದ ಕೌತುಕ ಹಿತ್ತಿಲಿನಲ್ಲೇ ಇದ್ದರೂ ಮಗುವಿಗೆ ಕಾಣದಂತೆ ಮಾಡುವ ಶಿಕ್ಷಣ, ಸೀಸೆಯಲ್ಲಿ ನಿಂತ ಗೆಣ್ಣಿಲ್ಲದ ಎಲೆಗೆ ಸಮಾನ. ನೋಡಲು ಹಸುರು; ಫಲಿತಾಂಶದ ದಿನದವರೆಗೂ ಹಸುರು; ಅದರಿಂದ ಮುಂದೆ ಕುಡಿಯೊಂದು ಹುಟ್ಟದು.

ಇದಕ್ಕೆ ಅಧ್ಯಾಪಕರನ್ನು ಮಾತ್ರ ಹೊಣೆಮಾಡುವುದು ನ್ಯಾಯವಲ್ಲ. ಪಾಠಗಳು ಬೆಟ್ಟದಷ್ಟು, ವೇಳೆ ಮುಷ್ಟಿಯಷ್ಟು. ಅರವತ್ತು ಮಕ್ಕಳ ಕೈಗೆ ಚಾಕು ಕೊಡುವುದು ಹೇಗೆ, ಗಾಜು ಒಡೆದರೆ ಗತಿಯೇನು ಎಂಬ ಆಕ್ಷೇಪಗಳಲ್ಲಿ ತಥ್ಯವಿದೆ. ಕತ್ತರಿಸುವ ಕೆಲಸವನ್ನು ಅಧ್ಯಾಪಕರೇ ಮಾಡಬಹುದು. ಗಾಜಿಗೆ ಬದಲಾಗಿ ಮರಳು ತುಂಬಿದ ತೆಂಗಿನ ಕರಟ ಸಾಕು. ನಿಂತ ನೀರಿನಲ್ಲಿ ಸೊಳ್ಳೆ ಮೊಟ್ಟೆಯಿಟ್ಟು ಡೆಂಗ್ಯೂ ಜ್ವರಕ್ಕೆ ಹಾದಿಯಾಗುತ್ತದೆಂಬ ಭಯವಂತೂ ಲಘುವಾಗಿ ಕಾಣತಕ್ಕದ್ದಲ್ಲ. ಸೊಳ್ಳೆಯ ಮೊಟ್ಟೆ ಸೊಳ್ಳೆಯಾಗಲು ವಾರವೊಂದರ ಆಸುಪಾಸು ಸಾಕು; ಮೂರು ದಿನಕ್ಕೊಮ್ಮೆ ಸೀಸೆಯನ್ನು ಉಜ್ಜಿ ತೊಳೆದು ನೀರು ಬದಲಿಸುವ ನಿಯಮ ತಪ್ಪಬಾರದು, ಬಾಯಿಗೆ ಹತ್ತಿಯನ್ನು ಒತ್ತಿದರೆ ಇನ್ನೂ ಕ್ಷೇಮ. ಮನಿಪ್ಲಾಂಟಿನ ರಸ ಬಾಯಿಗೆ ತಗುಲಿದರೆ ನಾಲಿಗೆ ಉರಿದು ಬಾಯುತ್ತದೆ. ಕಾಡುಬಸಳೆಯನ್ನು ಮೇಯ್ದ ದನಕರುಗಳಿಗೆ ವಿಷವಾಗುತ್ತದೆ. ಆದುದರಿಂದ ಮುಟ್ಟಿದ ಕೈ ತೊಳೆಯುವುದನ್ನೂ, ಮಿಕ್ಕ ತುಂಡುಗಳನ್ನು ಬೇಲಿಗೆ, ಕೆರೆಯಂಚಿಗೆ ಎಸೆಯದಿರುವುದನ್ನೂ ಮೊದಲ ದಿನವೇ ಕಲಿಸಬೇಕು.

ಬಳ್ಳಿ ಅಲಂಕಾರಕ್ಕಲ್ಲದೆ ಮತ್ತಾವುದಕ್ಕೂ ಬಾರದೆನ್ನುವವರಿಗೆ ದೊಡ್ಡಪತ್ರೆ ಇದೆ. ತಂಬುಳಿಗೂ ಬಜ್ಜಿಗೂ ಒದಗುವ, ಕೆಮ್ಮು ನೆಗಡಿಗೆ ಮನೆಮದ್ದೆನಿಸಿದ ಈ ಗಿಡವನ್ನು ಬೀಜ ಬಿತ್ತಿ ಬೆಳೆಸಿದ ಮನೆ ವಿರಳ. ನಾಲ್ಕು ಬೆರಳುದ್ದದ ಕುಡಿಯನ್ನು ಗೆಣ್ಣಿನ ಕೆಳಗೆ ಕತ್ತರಿಸಿ, ಮರಳು ಬೆರೆತ ಮಣ್ಣಿನಲ್ಲಿ ನೆಟ್ಟು ನೆರಳಿನಲ್ಲಿಟ್ಟರೆ ಎರಡು ವಾರಗಳಲ್ಲಿ ಅದು ನೆಲವನ್ನು ಹಿಡಿಯುತ್ತದೆ. ನೆರೆಮನೆಯವರು ಕೊಟ್ಟದ್ದು, ತವರಿನಿಂದ ತಂದದ್ದು ಎಂದು ಪ್ರತಿ ಗಿಡಕ್ಕೂ ಒಂದು ಪೂರ್ವಕಥೆ ಇರುತ್ತದೆ.

ತುಂಡಿನಿಂದ ಬೆಳೆಸುವ ಪದ್ಧತಿಗೂ ಮಿತಿಯುಂಟೆಂಬುದನ್ನು ಮುಚ್ಚಿಡಬಾರದು. ತುಂಡಿನಿಂದ ಹುಟ್ಟಿದ ಗಿಡ ತಾಯಿಯ ಪ್ರತಿರೂಪ. ತಾಯಿಯ ಗುಣದೊಂದಿಗೆ ತಾಯಿಯ ದೌರ್ಬಲ್ಯವೂ ಬರುತ್ತದೆ. ಕಂದುಗಳಿಂದಲೇ ಸಂತತಿ ಮುಂದುವರಿಯುವ ನಂಜನಗೂಡಿನ ರಸಬಾಳೆ ಪನಾಮಾ ಸೊರಗುರೋಗಕ್ಕೆ ತುತ್ತಾಗಿ ಅಳಿವಿನಂಚಿಗೆ ಸರಿದುದು ಕಣ್ಣೆದುರಿನ ನಿದರ್ಶನ. ಆದಕಾರಣ ಬೀಜಕ್ಕೆ ಬೀಜದ ಸ್ಥಾನ, ತುಂಡಿಗೆ ತುಂಡಿನ ಸ್ಥಾನ. ಕೊಡುವವರು ಆರೋಗ್ಯವಂತವಾದ ಗಿಡದಿಂದಲೇ ಕೊಡಬೇಕು. ಈ ಎಚ್ಚರ ಗಿಡಗಳಿಗೆ ಮಾತ್ರ ಸಲ್ಲುವುದೆಂದು ಯಾವ ಅಧ್ಯಾಪಕರೂ ಭಾವಿಸಬೇಕಾಗಿಲ್ಲ.

ಹೀಗಿರುವಲ್ಲಿ ಶಾಲೆಗಳು ಕೈಗೊಳ್ಳಬಹುದಾದ ಕಾರ್ಯ ದೊಡ್ಡದೇನೂ ಅಲ್ಲ. ಪ್ರತಿವರ್ಷವೂ ಜೂನ್ ೫ರಂದು ಪರಿಸರ ದಿನವನ್ನು ಆಚರಿಸುತ್ತಾರೆ. ಕೊಂಡುತಂದ ಸಸಿಯನ್ನು ಗಣ್ಯರು ನೆಡುತ್ತಾರೆ, ಛಾಯಾಚಿತ್ರ ತೆಗೆಯುತ್ತಾರೆ. ಅದೇ ಕುಳಿಯಲ್ಲಿ ಮರುವರ್ಷ ಮತ್ತೊಂದು ಸಸಿಯನ್ನು ನೆಡುವುದೂ ಅಪರೂಪವಲ್ಲ. ಅದರ ಜೊತೆಗೆ, ಮಳೆಗಾಲದ ತಂಪು ಕೂಡಿಬಂದಿರುವ ಆ ದಿನಗಳಲ್ಲಿಯೇ ಎಂಟನೆಯ ತರಗತಿಗೆ ಸೇರಿದ ಪ್ರತಿ ಮಗುವಿಗೂ ಒಂಬತ್ತನೆಯ ತರಗತಿಯ ಮಗುವೊಂದು ತಾನು ಬೆಳೆಸಿದ ಗಿಡದಿಂದ ಒಂದು ತುಂಡನ್ನು ಕೊಡಲಿ. ಎಲ್ಲಿ ಕತ್ತರಿಸಬೇಕು, ಏಕೆ ಎಂಬುದನ್ನು ಹಿರಿಯ ಮಗುವೇ ಹೇಳಿಕೊಡಲಿ. ಬೇರು ಕಂಡ ದಿನ, ಮೊದಲ ಎಲೆ ಬಿಚ್ಚಿದ ದಿನ ಇವನ್ನು ಮಗು ಕನ್ನಡದಲ್ಲಿ, ತನ್ನ ಮಾತಿನಲ್ಲಿ ಬರೆದಿಡಲಿ. ಬೇಸಗೆಯ ರಜೆಯಲ್ಲಿ ಗಿಡ ಮಗುವಿನ ಮನೆಯಲ್ಲಿರುವುದರಿಂದ ನೀರೆರೆಯುವವರು ಯಾರೆಂಬ ಪ್ರಶ್ನೆಯೂ ಏಳದು. ಮರುವರ್ಷ ಆ ಮಗು ತಾನು ಕೊಡುವ ಸ್ಥಾನದಲ್ಲಿ ನಿಲ್ಲುತ್ತದೆ. ಯಾರ ತುಂಡು ಕೊಳೆಯಿತೋ ಅವರನ್ನು ಗದರದೆ, ಅಂಕ ಕಳೆಯದೆ, ಮತ್ತೊಂದು ತುಂಡನ್ನು ಕೊಟ್ಟು ಕೊಳೆತುದೇಕೆಂದು ಕೇಳಬೇಕು. ಕೊಳೆತ ಬುಡವನ್ನು ಮೂಸಿ ನೋಡಿದ ಮಗು ನೀರು ಬದಲಿಸುವ ನಿಯಮವನ್ನು ಮರೆಯಲಾರದು.

ಇದಕ್ಕೆ ದಾನಿಗಳಿಂದ ಹಣ ಬೇಕಾಗಿಲ್ಲ. ಕಟ್ಟಡಗಳನ್ನೂ ಪ್ರಯೋಗಶಾಲೆಗಳನ್ನೂ ಕಟ್ಟಿಸಿಕೊಟ್ಟ ಮಹನೀಯರು ತಮ್ಮ ಮನೆಯಂಗಳದ ಒಂದು ಕುಡಿಯನ್ನು ಕೊಟ್ಟರೆ, ಹಳೆಯ ವಿದ್ಯಾರ್ಥಿಗಳು ಸಮಾರಂಭಕ್ಕೆ ಬರುವಾಗ ಮರುದಿನಕ್ಕೆ ಬಾಡುವ ಹೂಗುಚ್ಛದ ಬದಲು ಒದ್ದೆ ಬಟ್ಟೆಯಲ್ಲಿ ಸುತ್ತಿದ ಒಂದು ತುಂಡನ್ನು ತಂದರೆ, ಆ ಕಟ್ಟಡಗಳೊಳಗೆ ನಡೆಯುವ ಪಾಠಕ್ಕೆ ಅದಕ್ಕಿಂತ ಮಿಗಿಲಾದ ಸಾಮಗ್ರಿ ಬೇರೊಂದಿಲ್ಲ. ಕೇಳಿ ಪಡೆದದ್ದು, ಸಂತೋಷದಿಂದ ಕೊಟ್ಟದ್ದು ಎಂಬ ಮಾತನ್ನು ಮಗು ಸೀಸೆಯ ಮೇಲೆ ಬರೆದು ಅಂಟಿಸಲಿ. ಕದ್ದ ಬಳ್ಳಿಗೆ ಸಿರಿ ಎಂಬ ನಂಬಿಕೆ ಆ ಮನೆಯಲ್ಲಿ ತಾನಾಗಿಯೇ ಸಡಿಲುವುದು.

ಸಂಸ್ಕೃತದಲ್ಲಿ ಗೆಣ್ಣಿಗೆ 'ಪರ್ವ' ಎಂದು ಹೆಸರು. ಬಿದಿರಿನ ಗಂಟೂ ಪರ್ವ, ಮಹಾಭಾರತದ ವಿಭಾಗವೂ ಪರ್ವ, ಹಬ್ಬದ ದಿನವೂ ಪರ್ವ. ಸಂಸ್ಥೆಯೊಂದು ನಡೆದುಬಂದ ದಾರಿಯಲ್ಲಿ ನಿಂತು ಹಿಂದಣದನ್ನು ಸ್ಮರಿಸುವ ಕಾಲವೂ ಅಂತಹುದೇ ಒಂದು ಗೆಣ್ಣು. ಗೆಣ್ಣಿನ ಸ್ವಭಾವವೆಂದರೆ ಅಲ್ಲಿಂದ ಬೇರೂ ಕೆಳಗಿಳಿಯಬೇಕು, ಕುಡಿಯೂ ಮೇಲೇಳಬೇಕು. ಸ್ಮರಣೆ ಬೇರಾದರೆ ಮುಂದಿನ ಜೂನಿನಲ್ಲಿ ಮಗುವೊಂದರ ಕೈ ಸೇರುವ ತುಂಡು ಕುಡಿಯಾಗಲಿ.